ಮೋಟಾರ್‌ಸೈಕಲ್ ಎಂಜಿನ್ ದೋಷಪತ್ತೆ: ಕಾರ್ಬೊರೇಟರ್ ಕಾಲದ ಬೈಕ್‌ಗಳು

ಕಾರ್ಬೊರೇಟರ್ ಬೈಕ್‌ನ ಎಂಜಿನ್ ದೋಷಪತ್ತೆ ಎಂದರೆ, ಸ್ಟಾರ್ಟ್ ಆಗದಿರುವುದು, ನಡುದಾರಿಯಲ್ಲಿ ಆಫ್ ಆಗುವುದು, ಮಿಸ್ಸಿಂಗ್ ಹೊಡೆಯುವುದು, ಪಿಕಪ್ ಇಲ್ಲದಿರುವುದು ಮುಂತಾದ ಲಕ್ಷಣಗಳಿಂದ ಹೊರಟು, ಕಂಪ್ರೆಶನ್, ಕಿಡಿ, ಇಂಧನ ಎಂಬ ಮೂರು ವ್ಯವಸ್ಥೆಗಳಲ್ಲಿ ಕಾರಣ ಯಾವುದರಲ್ಲಿದೆ ಎಂಬುದನ್ನು ಪರೀಕ್ಷೆಯಿಂದ ಗೊತ್ತುಮಾಡಿಕೊಳ್ಳುವ ಕ್ರಮ. ಇಲ್ಲಿ ಹಳೆಯ ಬೈಕ್ ಎಂದರೆ ಕಂಪ್ಯೂಟರ್ ನಿಯಂತ್ರಣವಿಲ್ಲದೆ, ಕಾರ್ಬೊರೇಟರ್‌ನಿಂದಲೇ ಗಾಳಿ ಮತ್ತು ಪೆಟ್ರೋಲ್ ಬೆರೆಸಿಕೊಳ್ಳುವ ಬೈಕ್. ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ, ಎರಕದ ಕಬ್ಬಿಣದ ಸಿಲಿಂಡರಿನ ಬುಲೆಟ್, ಯಮಹಾ ಆರ್‌ಎಕ್ಸ್ 100, ಹೀರೋ ಹೋಂಡಾ ಸಿಡಿ 100 ಇದರ ಪರಿಚಿತ ಉದಾಹರಣೆಗಳು. ಗಾಳಿಯ ಪ್ರಮಾಣಕ್ಕೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಿರುವ ಮಿಶ್ರಣವನ್ನು ತೆಳು ಮಿಶ್ರಣ ಎಂದೂ ಹೆಚ್ಚಿರುವುದನ್ನು ದಟ್ಟ ಮಿಶ್ರಣ ಎಂದೂ ಈ ಲೇಖನದಲ್ಲಿ ಕರೆದಿದೆ.

ಹಿನ್ನೆಲೆ

ಮೊದಲ ಪೆಟ್ರೋಲ್ ವಾಹನಗಳಲ್ಲಿ ಗಾಳಿಯನ್ನು ಪೆಟ್ರೋಲಿನ ಮೇಲ್ಮೈ ಮೇಲೆ ಹಾಯಿಸಿ ಆವಿಯನ್ನು ಹೊತ್ತು ತರುವ ವಿಧಾನವಿತ್ತು. 1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಹಾಗೂ ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೊಂಕಾ ಪ್ರತ್ಯೇಕವಾಗಿ ಸಣ್ಣ ತೂತಿನಿಂದ ಪೆಟ್ರೋಲನ್ನು ಗಾಳಿಯ ಹರಿವಿಗೆ ಸಿಂಪಡಿಸುವ ಕಾರ್ಬೊರೇಟರ್ ರೂಪಿಸಿದರು. ನಂತರದ ನೂರು ವರ್ಷಗಳ ಎಲ್ಲ ಮಾದರಿಗಳೂ ಆ ತತ್ತ್ವದ ವಿಸ್ತರಣೆಗಳೇ. ಬ್ರಿಟನ್ನಿನಲ್ಲಿ ಮೂರು ಕಾರ್ಬೊರೇಟರ್ ಕಂಪನಿಗಳು ಕೂಡಿ 1927ರಲ್ಲಿ ಅಮಲ್ ಕಂಪನಿಯಾಯಿತು; ಜಪಾನಿನ ಮಿಕುನಿ 1960ರಲ್ಲಿ ಅಮಲ್‌ನಿಂದ ಪರವಾನಗಿ ಪಡೆಯಿತು. ಬುಲೆಟ್‌ನ ಕಾರ್ಬೊರೇಟರ್ ಬಿಚ್ಚಿದವರಿಗೆ ಆರ್‌ಎಕ್ಸ್ 100ರದ್ದು ಅಪರಿಚಿತ ಅನ್ನಿಸದಿರಲು ಈ ಒಂದೇ ವಂಶಾವಳಿ ಕಾರಣ.

ಭಾರತದಲ್ಲಿ ಮದರಾಸಿನ ಎನ್‌ಫೀಲ್ಡ್ ಕಾರ್ಖಾನೆ 1955ರಲ್ಲಿ ಬುಲೆಟ್ ಕೆಲಸ ಆರಂಭಿಸಿತು. ಮೈಸೂರಿನ ಐಡಿಯಲ್ ಜಾವಾ ಕಂಪನಿ ಚೆಕೊಸ್ಲೊವಾಕಿಯಾದ ಜಾವಾ ಬೈಕ್‌ಗಳನ್ನು 1961ರಿಂದ ತಯಾರಿಸತೊಡಗಿ, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಹೆಸರಿಗೆ ಬದಲಾಗಿ, 1996ರಲ್ಲಿ ಬಾಗಿಲು ಮುಚ್ಚಿತು. 1985ರಲ್ಲಿ ಬಂದ ಆರ್‌ಎಕ್ಸ್ 100 ಮತ್ತು ಸಿಡಿ 100, ಪಾಯಿಂಟ್ ಮತ್ತು ಕಂಡೆನ್ಸರ್‌ಗಳ ಜಾಗದಲ್ಲಿ ಸಿಡಿಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನು ಸಾಮಾನ್ಯ ಸವಾರನ ಮನೆಬಾಗಿಲಿಗೆ ತಂದವು. ಮೆಕ್ಯಾನಿಕ್‌ನ ಕೆಲಸವನ್ನು ಈ ಬದಲಾವಣೆ ಅರ್ಧಕ್ಕರ್ಧ ಬದಲಿಸಿತು. ಕಾರ್ಬೊರೇಟರ್ ಮಾತ್ರ ಹಾಗೆಯೇ ಉಳಿಯಿತು.

ರಚನೆ

ಕಾರ್ಬೊರೇಟರ್‌ನ ನಡುವೆ ಕಿರಿದಾಗುವ ಒಂದು ಕೊಳವೆಯಿದೆ. ಗಾಳಿ ಅಲ್ಲಿ ವೇಗ ಪಡೆದಾಗ ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನ ಪೆಟ್ರೋಲ್ ಜೆಟ್‌ಗಳ ಮೂಲಕ ಮೇಲೆ ಸೆಳೆಯಲ್ಪಡುತ್ತದೆ. ಬಟ್ಟಲಿನ ಮಟ್ಟವನ್ನು ಫ್ಲೋಟ್ ಮತ್ತು ಅದರ ನೀಡಲ್ ವಾಲ್ವ್ ಕಾಯುತ್ತವೆ. ಆಕ್ಸಿಲರೇಟರ್ ಕೇಬಲ್ ಎಳೆದಾಗ ಸ್ಲೈಡ್ ಮೇಲೇರಿ ಗಾಳಿಯ ದಾರಿ ತೆರೆಯುತ್ತದೆ, ಅದಕ್ಕೆ ತೂಗಿದ ಮೊನಚು ಜೆಟ್ ನೀಡಲ್ ತಾನೂ ಮೇಲೇರಿ ಪೆಟ್ರೋಲಿನ ದಾರಿ ತೆರೆಯುತ್ತದೆ. ದೋಷಪತ್ತೆಗೆ ಇದರಲ್ಲಿ ಮುಖ್ಯವಾದ ಸಂಗತಿ, ಪ್ರತಿ ಭಾಗಕ್ಕೂ ತನ್ನದೇ ವ್ಯಾಪ್ತಿ ಇರುವುದು. ಐಡ್ಲಿಂಗ್‌ನಿಂದ ಎಂಟನೇ ಒಂದು ಭಾಗದವರೆಗೆ ತೆರೆದಾಗ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಅಡಿಯ ಓರೆಕಡಿತ, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ ಮತ್ತು ನೀಡಲ್ ಜೆಟ್, ಅದರಾಚೆ ಮೈನ್ ಜೆಟ್ ಮಿಶ್ರಣವನ್ನು ನಿರ್ಧರಿಸುತ್ತವೆ. ಈ ಗಡಿಗಳು ಗೆರೆ ಕೊಯ್ದಷ್ಟು ಖಚಿತವಲ್ಲ, ಒಂದರ ಮೇಲೊಂದು ಹಾಯುತ್ತವೆ. ಆದರೂ ಒಂದು ತೀರ್ಮಾನಕ್ಕೆ ಇಷ್ಟು ಸಾಕು: ಕಾರ್ಬೊರೇಟರ್‌ನ ದೋಷ ಸಾಮಾನ್ಯವಾಗಿ ಆಕ್ಸಿಲರೇಟರ್ ಎಷ್ಟು ತಿರುಗಿದೆ ಎಂಬುದಕ್ಕೆ ಕಟ್ಟುಬಿದ್ದಿರುತ್ತದೆ, ಎಂಜಿನ್ ಎಷ್ಟು ವೇಗದಲ್ಲಿ ಸುತ್ತುತ್ತಿದೆ ಎಂಬುದಕ್ಕಲ್ಲ.

ಹಳೆಯ ಪಾಯಿಂಟ್ ಇಗ್ನಿಷನ್ನಿನಲ್ಲಿ ಒಂದು ಕ್ಯಾಮ್ ಪಾಯಿಂಟನ್ನು ತೆರೆದ ಕ್ಷಣ ಕಾಯಿಲ್‌ನ ವಿದ್ಯುತ್ ಕಡಿದು, ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಕಂಡೆನ್ಸರ್ ಪಾಯಿಂಟ್‌ಗಳ ನಡುವೆ ಆ ಹೊತ್ತಿಗೆ ಹುಟ್ಟುವ ಸುಡುಕಿಡಿಯನ್ನು ಹೀರುತ್ತದೆ. ಯೆಜ್ಡಿಯಂಥ ಬೈಕ್‌ಗಳಲ್ಲಿ ಪಾಯಿಂಟ್ ಗ್ಯಾಪ್ ಸುಮಾರು 0.4 ಮಿ.ಮೀ., ಪ್ಲಗ್ ಗ್ಯಾಪ್ ಸುಮಾರು 0.6 ಮಿ.ಮೀ. ಇರುತ್ತದೆ. ಪಾಯಿಂಟ್‌ನ ಹಿಮ್ಮಡಿ ಕ್ಯಾಮ್‌ಗೆ ಉಜ್ಜಿ ಸವೆದಷ್ಟೂ ಗ್ಯಾಪ್ ಕಿರಿದಾಗಿ ಟೈಮಿಂಗ್ ಹಿಂದೆ ಸರಿಯುತ್ತದೆ. ಯಾರೂ ಏನೂ ಮುಟ್ಟದಿದ್ದರೂ ಬೈಕ್ ತಿಂಗಳು ತಿಂಗಳಿಗೆ ಮಂದವಾಗುವುದಕ್ಕೆ ಇದೊಂದು ಕಾರಣ.

ಟೂ ಸ್ಟ್ರೋಕ್ ಎಂಜಿನ್‌ಗೆ ಇನ್ನೊಂದು ವಿಶೇಷವಿದೆ. 65 ಮಿ.ಮೀ. ಬೋರ್ ಮತ್ತು 75 ಮಿ.ಮೀ. ಸ್ಟ್ರೋಕಿನ ಜಾವಾ 250ರಲ್ಲಿ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಹೋಗಿ ಅಲ್ಲಿ ಒತ್ತಲ್ಪಟ್ಟು ಆಮೇಲೆ ಸಿಲಿಂಡರಿಗೆ ಏರುತ್ತದೆ. ಹಾಗಾಗಿ ಕ್ರ್ಯಾಂಕ್‌ನ ಎರಡು ಕಡೆಯ ಆಯಿಲ್ ಸೀಲ್‌ಗಳು ಇಂಧನ ವ್ಯವಸ್ಥೆಗೇ ಸೇರಿದ ಭಾಗಗಳಾಗುತ್ತವೆ. ಫೋರ್ ಸ್ಟ್ರೋಕ್‌ನಲ್ಲಿ ಆ ಮಾತಿಲ್ಲ. ಅಲ್ಲಿ ವಾಲ್ವ್ ಮತ್ತು ಟ್ಯಾಪೆಟ್ ಗ್ಯಾಪ್ ಹೆಚ್ಚುವರಿ ಸಂಶಯಿತರು.

ದೋಷಗಳ ಬಗೆಗಳು

ಮೂರು ವ್ಯವಸ್ಥೆಗಳ ದೋಷಗಳು ಒಂದರ ವೇಷವನ್ನು ಇನ್ನೊಂದು ಹಾಕುತ್ತವೆ. ಹಳೆಯ ಬೈಕ್‌ಗಳ ರಿಪೇರಿಯಲ್ಲಿ ಕಾರ್ಬೊರೇಟರ್‌ನ ಮೇಲೆ ಬರುವ ಆರೋಪಗಳಲ್ಲಿ ಬಹುಪಾಲು ಈ ವೇಷದಿಂದ ಬಂದವು. ಗ್ಯಾರೇಜಿಗೆ ಬಂದ ಬೈಕ್‌ನ ಕಾರ್ಬೊರೇಟರನ್ನು ಮೊದಲು ಬಿಚ್ಚುವ ರೂಢಿ ವ್ಯಾಪಕವಾಗಿದೆ. ಅದು ಎರಡು ಬೋಲ್ಟಿನ ಕೆಲಸ, ಹೊರಗೆ ಕಾಣುವ ಜಾಗದಲ್ಲಿದೆ, ಬಿಚ್ಚಿದರೆ ಒಂದಷ್ಟು ಕೊಳೆ ಯಾವಾಗಲೂ ಸಿಗುತ್ತದೆ. ಕೊಳೆ ಸಿಕ್ಕಿತು ಎಂಬುದು ಅದೇ ಕಾರಣ ಎಂಬುದಕ್ಕೆ ಸಾಕ್ಷಿಯಲ್ಲ.

ನಾಲ್ಕೈದು ಕಿಲೋಮೀಟರ್ ಓಡಿ ಆಫ್ ಆಗುವ, ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವ ಬೈಕನ್ನು ತೆಗೆದುಕೊಳ್ಳಬಹುದು. ಇದಕ್ಕೆ ಕನಿಷ್ಠ ಮೂರು ಕಾರಣಗಳುಂಟು. ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿದ್ದರೆ ಪೆಟ್ರೋಲ್ ಇಳಿದಂತೆ ಟ್ಯಾಂಕ್‌ನಲ್ಲಿ ಒತ್ತಡ ತಗ್ಗಿ ಹರಿವು ನಿಲ್ಲುತ್ತದೆ. ಮುಚ್ಚಳ ತೆಗೆದ ಕೂಡಲೆ ಗಾಳಿ ಒಳಗೆ ಸೆಳೆದುಕೊಂಡ ಸದ್ದು ಬಂದು ಬೈಕ್ ಸರಿಹೋದರೆ ಬೇರೆ ಪುರಾವೆ ಬೇಡ. ಪೆಟ್ರೋಲ್ ಟ್ಯಾಪ್‌ನ ಜಾಲರಿಗೆ ಟ್ಯಾಂಕಿನ ತುಕ್ಕು ಮೆತ್ತಿದ್ದರೂ ಹೀಗೆಯೇ ಆಗುತ್ತದೆ, ಪೈಪ್ ಕಳಚಿ ಬಾಟಲಿಗೆ ಹಿಡಿದರೆ ಧಾರೆ ತೆಳುವಾಗುತ್ತ ಹೋಗುವುದು ಕಾಣುತ್ತದೆ. ಮೂರನೆಯದು ಇಗ್ನಿಷನ್ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಯಾದಾಗ ಕೈಕೊಡುವುದು. ಮೂರರಲ್ಲಿ ಒಂದೂ ಕಾರ್ಬೊರೇಟರ್‌ನೊಳಗಿಲ್ಲ. ಇಂಧನ ಮುಗಿದು ಸಾಯುವ ಎಂಜಿನ್ ಉಸಿರು ಕಟ್ಟಿದಂತೆ ಒದ್ದಾಡಿ, ಆಕ್ಸಿಲರೇಟರ್ ತಗ್ಗಿಸಿದರೆ ಒಮ್ಮೆ ಚೇತರಿಸಿಕೊಂಡು, ಆಮೇಲೆ ನಿಲ್ಲುತ್ತದೆ; ಕಿಡಿ ಕಡಿದು ಸಾಯುವ ಎಂಜಿನ್ ಕೀ ತಿರುಗಿಸಿದಂತೆ ಒಮ್ಮೆಲೇ ನಿಲ್ಲುತ್ತದೆ. ನಿಂತ ಜಾಗದಲ್ಲೇ, ತಣ್ಣಗಾಗುವ ಮೊದಲು, ಪ್ಲಗ್ ತೆಗೆದು ಸಿಲಿಂಡರ್ ಫಿನ್ನಿಗೆ ತಾಗಿಸಿ ಕಿಕ್ ಹೊಡೆದು ನೋಡುವುದು ಇಲ್ಲಿ ನಿರ್ಣಾಯಕ. ಗ್ಯಾರೇಜಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಕಾಯಿಲ್ ಆರಿ, ಸಾಕ್ಷಿ ಅಳಿದಿರುತ್ತದೆ.

ಟೂ ಸ್ಟ್ರೋಕ್‌ನ ಆಯಿಲ್ ಸೀಲ್ ಇನ್ನೂ ಮೋಸಗಾರ. ಜಾವಾ, ಯೆಜ್ಡಿಗಳ ಬಲಬದಿಯಲ್ಲಿ, ಡೈನಮೊ ಕಡೆಯ ಸೀಲ್ ಸವೆದರೆ ಕ್ರ್ಯಾಂಕ್‌ಕೇಸ್ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಿಶ್ರಣ ತೆಳುವಾಗಿ ಐಡ್ಲಿಂಗ್ ತನ್ನಷ್ಟಕ್ಕೆ ಏರುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಗ್ಗುವುದಿಲ್ಲ, ಪ್ಲಗ್ ಬೆಳ್ಳಗಾಗುತ್ತದೆ, ಕೊನೆಗೆ ಪಿಸ್ಟನ್ ಸೀಜ್ ಆಗುತ್ತದೆ. ಎಡಬದಿಯ ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಕ್ಲಚ್ ಕಡೆಯ ಆಯಿಲ್ ಹೀರಿ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬಿಡುತ್ತದೆ, ಪ್ಲಗ್ ಎಣ್ಣೆಯಲ್ಲಿ ತೊಯ್ಯುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಮೊದಲನೆಯದಕ್ಕೆ ದೊಡ್ಡ ಮೈನ್ ಜೆಟ್, ಎರಡನೆಯದಕ್ಕೆ ಪೆಟ್ರೋಲಿಗೆ ಕಡಿಮೆ ಆಯಿಲ್ ಎಂಬ ಚಿಕಿತ್ಸೆ ನಡೆಯುವುದುಂಟು. ಎರಡನೆಯದು ಅಪಾಯಕಾರಿ. 1:20ರಿಂದ 1:25, ಅಂದರೆ ಲೀಟರಿಗೆ 50ರಿಂದ 40 ಮಿ.ಲೀ. ಆಯಿಲ್ ಬೆರೆಸುವ ಎಂಜಿನ್‌ಗೆ ಬೇರಿಂಗ್ ಮತ್ತು ಪಿಸ್ಟನ್ ನಯವಾಗಿರಲು ಆ ಬೆರಕೆಯ ಹೊರತು ಬೇರೆ ಆಸರೆಯಿಲ್ಲ.

ಸೈಲೆನ್ಸರ್ ಕಾರ್ಬನ್‌ನಿಂದ ಕಟ್ಟಿದ ಟೂ ಸ್ಟ್ರೋಕ್, ಕಿರಿದಾದ ಪಾಯಿಂಟ್ ಗ್ಯಾಪಿನ ಬುಲೆಟ್, ಟ್ಯಾಪೆಟ್ ಬಿಗಿಯಾಗಿ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದ ಸಿಡಿ 100, ಮೂರೂ ಸವಾರನ ಮಾತಿನಲ್ಲಿ ಒಂದೇ ದೂರಾಗುತ್ತದೆ: ಗಾಡಿ ಎಳೆಯುತ್ತಿಲ್ಲ.

ಪರೀಕ್ಷೆಯ ಕ್ರಮ

ವೇಷ ಇಷ್ಟು ಸುಲಭವಾಗಿರುವುದರಿಂದ ಪರೀಕ್ಷೆಗಳ ಅನುಕ್ರಮವೇ ದೋಷಪತ್ತೆಯ ತಿರುಳು. ಸಮರ್ಥನೀಯವಾದ ಅನುಕ್ರಮ ಕಂಪ್ರೆಶನ್, ಕಿಡಿ, ಟೈಮಿಂಗ್, ಇಂಧನದ ಹರಿವು, ಗಾಳಿ ಸೋರಿಕೆ, ಕಟ್ಟಕಡೆಗೆ ಕಾರ್ಬೊರೇಟರ್. ಇದಕ್ಕೆ ಎರಡು ಆಧಾರಗಳಿವೆ. ಮೊದಲನೆಯದು ಅವಲಂಬನೆ: ಕಾರ್ಬೊರೇಟರ್ ತಾನಾಗಿ ಏನನ್ನೂ ತಳ್ಳುವುದಿಲ್ಲ, ಎಂಜಿನ್ ಎಳೆದಷ್ಟೇ ಕೊಡುತ್ತದೆ. ರಿಂಗ್ ಸವೆದು ಎಳೆತ ಕುಗ್ಗಿದ ಎಂಜಿನ್‌ನಲ್ಲಿ ಯಾವ ಜೆಟ್ ಹಾಕಿದರೂ ಮಿಶ್ರಣ ನೆಟ್ಟಗಾಗುವುದಿಲ್ಲ. ಎರಡನೆಯದು ಸಾಕ್ಷಿಯ ರಕ್ಷಣೆ: ಕಂಪ್ರೆಶನ್ ಅಳೆದರೆ, ಕಿಡಿ ನೋಡಿದರೆ ಬೈಕ್‌ನಲ್ಲಿ ಏನೂ ಬದಲಾಗುವುದಿಲ್ಲ, ಕಾರ್ಬೊರೇಟರ್ ಬಿಚ್ಚಿ ಏರ್ ಸ್ಕ್ರೂ ತಿರುಗಿಸಿದ ಮೇಲೆ ಮೊದಲಿದ್ದ ಸ್ಥಿತಿ ಮರಳಿ ಸಿಗುವುದಿಲ್ಲ, ಮತ್ತು ಒಂದು ದೋಷದ ಜಾಗದಲ್ಲಿ ಎರಡು ಕೂತಿರಬಹುದು.

ಕಂಪ್ರೆಶನ್ ಗೇಜ್‌ನ ಅಂಕೆಯನ್ನು ಓದುವಾಗ ಎಚ್ಚರ ಬೇಕು. ಹಳೆಯ ಬುಲೆಟ್‌ನ ಕಂಪ್ರೆಶನ್ ರೇಶಿಯೊ ಜಪಾನಿ ವಿನ್ಯಾಸದ 100 ಸಿಸಿ ಫೋರ್ ಸ್ಟ್ರೋಕ್ ಎಂಜಿನ್‌ಗಿಂತ ಬಹಳ ಕಡಿಮೆ. ಎಲ್ಲ ಬೈಕ್‌ಗೂ ಹೊಂದುವ ಒಂದು ಅಂಕೆ ಇಲ್ಲ. ಫೋರ್ ಸ್ಟ್ರೋಕ್‌ನಲ್ಲಿ ಹೋಲಿಕೆಯ ಪರೀಕ್ಷೆ ಹೆಚ್ಚು ಹೇಳುತ್ತದೆ. ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕೆ ಏರಿದರೆ ಸೋರಿಕೆ ರಿಂಗ್‌ನಲ್ಲಿದೆ, ಏರದಿದ್ದರೆ ವಾಲ್ವ್‌ನಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿದೆ.

ಕಿಡಿಯ ಪರೀಕ್ಷೆಯಲ್ಲಿ ಬಣ್ಣ ಮತ್ತು ಸದ್ದು ಎರಡೂ ಸಾಕ್ಷಿಗಳು. ನೀಲಿಯಾಗಿ ಚಟ್ಟೆಂದು ಹಾರುವ ಕಿಡಿ ಆರೋಗ್ಯದ ಗುರುತು, ಹಳದಿಯಾಗಿ ಸೊರಗಿದ್ದು ದುರ್ಬಲ. ಎಂಜಿನ್ ಓಡುವಾಗ ಪಾಯಿಂಟ್‌ಗಳ ನಡುವೆಯೇ ಜೋರು ಕಿಡಿ ಕಂಡರೆ ಕಂಡೆನ್ಸರ್ ಕೆಟ್ಟಿದೆ. ಅಂಥ ಪಾಯಿಂಟ್‌ನ ಒಂದು ಮುಖದಲ್ಲಿ ಗುಂಡಿ, ಎದುರು ಮುಖದಲ್ಲಿ ಅದಕ್ಕೆ ಸರಿಯಾದ ದಿಬ್ಬ ಬೆಳೆದಿರುತ್ತದೆ. ಎಮರಿ ಪೇಪರಿನಿಂದ ಉಜ್ಜಿ ಬಿಟ್ಟರೆ ಕೆಲವು ದಿನಗಳ ನಂತರ ಅದೇ ಗುಂಡಿ ಮರಳಿ ಬರುತ್ತದೆ, ಏಕೆಂದರೆ ಉಜ್ಜಿದ್ದು ಪರಿಣಾಮವನ್ನು. ಆದರೆ ಬಯಲಿನಲ್ಲಿ ಕಿಡಿ ಹಾರಿತೆಂಬ ಮಾತ್ರಕ್ಕೆ ಪ್ಲಗ್‌ಗೆ ಪೂರ್ತಿ ಅಂಕ ಕೊಡುವಂತಿಲ್ಲ. ಒತ್ತಿದ ಮಿಶ್ರಣದ ನಡುವೆ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸರಿಯೆಂದು ಗೊತ್ತಿರುವ ಇನ್ನೊಂದು ಪ್ಲಗ್ ಮತ್ತು ಪ್ಲಗ್ ಕ್ಯಾಪ್ ಹಾಕಿ ನೋಡುವುದು ಅದಕ್ಕೆ ಉತ್ತರ. ಟೈಮಿಂಗ್‌ಗೆ ಬ್ಯಾಟರಿ ಮತ್ತು ಒಂದು ಪುಟ್ಟ ಬಲ್ಬ್ ಸಾಕು: ಪಾಯಿಂಟ್‌ಗೆ ಜೋಡಿಸಿ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿದರೆ, ತೆರೆಯುವ ಕ್ಷಣ ಬಲ್ಬ್‌ನ ಬೆಳಕಿನಲ್ಲಿ ಗೊತ್ತಾಗುತ್ತದೆ.

ಗಾಳಿ ಸೋರಿಕೆಯನ್ನು ಐಡ್ಲಿಂಗ್‌ನಲ್ಲಿ ಹುಡುಕಬೇಕು. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ಜೋಡಣೆಗೆ ಸ್ವಲ್ಪ ಎಣ್ಣೆ ಸವರಿದಾಗ ಎಂಜಿನ್ನಿನ ಸದ್ದು ಬದಲಾದರೆ ಸೋರಿಕೆ ಅಲ್ಲಿದೆ. ಪೆಟ್ರೋಲ್ ಚಿಮುಕಿಸಿ ನೋಡುವ ಅಭ್ಯಾಸ ಬಿಸಿ ಎಂಜಿನ್‌ನ ಪಕ್ಕದಲ್ಲಿ ಬೆಂಕಿಗೆ ಕೊಡುವ ಆಹ್ವಾನ.

ಕಾರ್ಬೊರೇಟರ್‌ನ ನಿಜವಾದ ದೋಷಗಳು

ಮೇಲಿನ ಐದು ಜರಡಿಗಳನ್ನು ದಾಟಿದ ಮೇಲೆ ಉಳಿಯುವ ದೋಷ ಕಾರ್ಬೊರೇಟರ್‌ನದು, ಮತ್ತು ಅದು ತನ್ನ ಜಾಗವನ್ನು ತಾನೇ ಹೇಳುತ್ತದೆ. ಆಕ್ಸಿಲರೇಟರ್ ಹಿಡಿಯ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲಿನ ಗುರುತು ಹಾಕಿ, ತೊಂದರೆ ಎಲ್ಲಿ ಕಾಣುತ್ತದೆಂದು ಓಡಿಸಿ ನೋಡಬಹುದು. ಚೋಕ್ ಎಳೆದಾಗ ಮಾತ್ರ ನಿಲ್ಲದೆ ಓಡಿದರೆ ಪೈಲಟ್ ಜೆಟ್ ಕಟ್ಟಿದೆ ಅಥವಾ ಮಿಶ್ರಣ ತೆಳು. ತಿಂಗಳುಗಟ್ಟಲೆ ನಿಂತ ಬೈಕ್‌ನಲ್ಲಿ ಮೊದಲು ಕಟ್ಟುವುದು ಇದೇ, ಕೂದಲೆಳೆಯಷ್ಟು ಸಣ್ಣ ಅದರ ತೂತು ಒಣಗಿದ ಪೆಟ್ರೋಲಿನ ಅಂಟಿನಿಂದ ಮುಚ್ಚಿಕೊಳ್ಳುತ್ತದೆ. ಸೂಜಿ ಅಥವಾ ತಂತಿ ತೂರಿಸಿದರೆ ಹಿತ್ತಾಳೆಯ ತೂತು ಅಗಲವಾಗುತ್ತದೆ. ಕಾರ್ಬೊರೇಟರ್ ಕ್ಲೀನರ್ ಮತ್ತು ಗಾಳಿಯ ಒತ್ತಡವೇ ಸರಿಯಾದ ಸಾಧನ. ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ಫ್ಲೋಟ್ ನೀಡಲ್‌ನ ತುದಿ ಸವೆದಿದೆ, ಇಲ್ಲವೆ ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲ್ ತುಂಬಿದೆ. ಕಿವಿಯ ಬಳಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಸ್ಲೈಡ್ ಮತ್ತು ಕಾರ್ಬೊರೇಟರ್‌ನ ಒಡಲು ಸವೆದು ಸಡಿಲವಾಗಿದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಐಡ್ಲಿಂಗ್ ನಿಲ್ಲುವುದಿಲ್ಲ. ಅದಕ್ಕೆ ಬದಲಿ ಮಾತ್ರ ಪರಿಹಾರ.

ಕ್ರಮಕ್ಕೆ ಆಕ್ಷೇಪಗಳು

ಕಾರ್ಬೊರೇಟರ್ ತೊಳೆದ ಕೂಡಲೆ ಎಷ್ಟೋ ಬೈಕ್‌ಗಳು ಸರಿಹೋಗುತ್ತವೆ, ಆದ್ದರಿಂದ ಅದನ್ನೇ ಮೊದಲು ಮಾಡುವುದು ಸಮಯದ ಉಳಿತಾಯ ಎಂಬ ವಾದವಿದೆ. ದೀರ್ಘಕಾಲ ನಿಂತ ಬೈಕ್‌ನ ಮಟ್ಟಿಗೆ ಈ ವಾದ ನಿಲ್ಲುತ್ತದೆ; ಅಲ್ಲಿ ಇತಿಹಾಸವೇ ಒಂದು ಪರೀಕ್ಷೆಯ ಕೆಲಸ ಮಾಡಿರುತ್ತದೆ. ನಿತ್ಯ ಓಡುವ ಬೈಕ್‌ಗೆ ಇದು ಒಪ್ಪುವುದಿಲ್ಲ. ಕಾರ್ಬೊರೇಟರ್ ಬಿಚ್ಚಿ ಜೋಡಿಸುವಾಗ ಪೆಟ್ರೋಲ್ ಟ್ಯಾಪ್ ಮುಚ್ಚಿ ತೆರೆಯಲಾಗುತ್ತದೆ, ಪೈಪ್ ಹೊಸದಾಗಿ ಕೂರುತ್ತದೆ, ಜೋಡಣೆಯ ಬೋಲ್ಟ್‌ಗಳು ಬಿಗಿಯಾಗುತ್ತವೆ, ಅಷ್ಟರಲ್ಲಿ ಕಾಯಿಲ್ ತಣ್ಣಗಾಗುತ್ತದೆ, ಪ್ಲಗ್ ಹೇಗೂ ಒರೆಸಿ ಹಾಕಿರುತ್ತಾರೆ. ಇಷ್ಟರಲ್ಲಿ ಯಾವುದು ಗುಣಪಡಿಸಿತೆಂದು ಹೇಳಲು ಬರುವುದಿಲ್ಲ, ಅದೇ ದೂರು ವಾರದಲ್ಲಿ ಮರಳಿದಾಗ ಹುಡುಕಾಟ ಮತ್ತೆ ಮೊದಲಿನಿಂದ.

ಅನುಭವಿ ಮೆಕ್ಯಾನಿಕ್ ಸದ್ದು ಕೇಳಿಯೇ ದೋಷ ಹೇಳುತ್ತಾನೆ, ಅವನಿಗೆ ಈ ಅನುಕ್ರಮ ಬೇಡ ಎಂಬುದು ಇನ್ನೊಂದು ಆಕ್ಷೇಪ. ಆ ಕಿವಿ ನಿಜ, ಅದರ ಬೆಲೆಯೂ ನಿಜ. ಆದರೆ ಒಂದೇ ಮಾದರಿಯ ನೂರಾರು ಎಂಜಿನ್ ಬಿಚ್ಚಿದ ಮೇಲೆ ಪರೀಕ್ಷೆಗಳೇ ಕಿವಿಯಾಗಿ ಕೂತಿರುತ್ತವೆ. ಅಪರಿಚಿತ ಬೈಕ್ ಎದುರಾದಾಗ ಅದೇ ಮೆಕ್ಯಾನಿಕ್ ಕೂಡ ಮೊದಲು ಪ್ಲಗ್ ಬಿಚ್ಚುತ್ತಾನೆ. ಹೆಚ್ಚು ತೂಕದ ಆಕ್ಷೇಪ ಪ್ಲಗ್ ಬಣ್ಣದ ಬಗ್ಗೆ ಬರುತ್ತದೆ. ಇಟ್ಟಿಗೆ ಕಂದು ಸರಿ, ಬಿಳಿ ತೆಳು, ಮಸಿ ಕಪ್ಪು ದಟ್ಟ ಎಂಬ ಸೂತ್ರ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಸೀಸರಹಿತ ಪೆಟ್ರೋಲ್ ಬಂದ ಮೇಲೆ ಬಣ್ಣ ತಿಳಿಯಾಗಿದೆ, ಪೇಟೆಯೊಳಗೆ ನಿಂತು ನಿಂತು ಓಡಿದ ಪ್ಲಗ್ ಐಡ್ಲಿಂಗ್‌ನ ಮಸಿಯನ್ನೇ ತೋರಿಸುತ್ತದೆ. ಈ ಆಕ್ಷೇಪವನ್ನು ಒಪ್ಪಬೇಕು. ಒಂದೇ ಥ್ರಾಟಲ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಒಮ್ಮೆಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ತೆಗೆದ ಪ್ಲಗ್ ಮಾತ್ರ ಸಾಕ್ಷಿ ಹೇಳಬಲ್ಲದು, ಅದೂ ಬೇರೆ ಸಾಕ್ಷಿಗಳ ಜೊತೆಗೆ.

ಎತ್ತರ ಮತ್ತು ಇಂಧನ

ಎತ್ತರಕ್ಕೆ ಹೋದಂತೆ ಗಾಳಿ ವಿರಳವಾಗುತ್ತದೆ, ಕಾರ್ಬೊರೇಟರ್ ಅದನ್ನು ಅರಿಯದು. ಸಮುದ್ರಮಟ್ಟದ ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಬೈಕ್ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೆ ಬಂದರೆ ಮಿಶ್ರಣ ನಾಲ್ಕೈದು ಪ್ರತಿಶತ ದಟ್ಟವಾಗುತ್ತದೆ. ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯ ಏರಿನಲ್ಲಿ ಇನ್ನೂ ಹೆಚ್ಚು. ಎಥನಾಲ್‌ನ ಪರಿಣಾಮ ಇದಕ್ಕೆ ವಿರುದ್ಧ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. 20 ಪ್ರತಿಶತ ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಈ ಅಂಕೆ ಸುಮಾರು 13.5ಕ್ಕೆ ಇಳಿಯುತ್ತದೆ. ಜೆಟ್ ಬದಲಿಸದಿದ್ದರೆ ಮಿಶ್ರಣ ಏಳೆಂಟು ಪ್ರತಿಶತ ತೆಳುವಾಗುತ್ತದೆ. ಹೀಗಾಗಿ ಒಂದೇ ಪೆಟ್ರೋಲ್, ಒಂದೇ ಜೆಟ್‌ನಲ್ಲಿ ಬೆಂಗಳೂರಿನ ಬೈಕ್‌ಗೆ ಎತ್ತರ ಒಂದಷ್ಟು ಸರಿದೂಗಿಸುತ್ತದೆ, ಕರಾವಳಿಯ ಬೈಕ್‌ಗೆ ಆ ಅನುಕೂಲವಿಲ್ಲ. ಹಳೆಯ ರಬ್ಬರ್ ಪೈಪ್, ಟ್ಯಾಪ್ ವಾಶರ್‌ಗಳು ಎಥನಾಲ್‌ಗೆ ಉಬ್ಬುತ್ತವೆ ಅಥವಾ ಬಿರಿಯುತ್ತವೆ. ಟ್ಯಾಂಕ್‌ಗೆ ನೀರು ಸೇರಿದರೆ ಎಥನಾಲ್ ಅದರೊಂದಿಗೆ ಬೇರ್ಪಟ್ಟು ತಳಕ್ಕಿಳಿದು, ರಿಸರ್ವ್‌ಗೆ ತಿರುಗಿಸಿದಾಗ ಮೊದಲು ಹೊರಬರುತ್ತದೆ.

ಇಂದಿನ ಸ್ಥಿತಿ

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದೊಂದಿಗೆ ಭಾರತದ ಬಹುತೇಕ ಹೊಸ ಬೈಕ್‌ಗಳು ಫ್ಯೂಯಲ್ ಇಂಜೆಕ್ಷನ್‌ಗೆ ಬದಲಾದವು. ಅವುಗಳಲ್ಲಿ ದೋಷದ ದಾಖಲೆಯನ್ನು ಕಂಪ್ಯೂಟರ್ ಇಡುತ್ತದೆ. 2018ರಲ್ಲಿ ಮರಳಿ ಬಂದ ಜಾವಾ ಮತ್ತು 2022ರಲ್ಲಿ ಬಂದ ಯೆಜ್ಡಿ ಕೂಡ ಇಂಜೆಕ್ಷನ್ ಬೈಕ್‌ಗಳೇ. ಮೈಸೂರಿನ ಹಳೆಯ ಎಂಜಿನ್‌ಗೂ ಅವುಗಳಿಗೂ ಹೆಸರಿನ ನಂಟು ಮಾತ್ರ. ಹಳೆಯ ಬೈಕ್‌ಗಳ ಪಾಯಿಂಟ್, ಕಂಡೆನ್ಸರ್, ಜೆಟ್, ಸೀಲ್‌ಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗಳಲ್ಲಿ ಈಗಲೂ ಸಿಗುತ್ತವೆ, ಆದರೆ ಮೂಲ ತಯಾರಿಕೆಯವು ಅಪರೂಪ. ಬದಲಿ ಭಾಗಗಳ ಗುಣಮಟ್ಟ ಏರುಪೇರಾಗಿರುವುದರಿಂದ, ಈಗ ತಾನೆ ಹಾಕಿದ ಹೊಸ ಕಂಡೆನ್ಸರ್ ಕೂಡ ಸಂಶಯಿತರ ಪಟ್ಟಿಯಲ್ಲಿರಬೇಕು. ಇ20 ಪೆಟ್ರೋಲ್ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಈಗ ದೇಶದ ಬಂಕ್‌ಗಳಲ್ಲಿ ಸಾಮಾನ್ಯವಾಗಿದೆ. ಕಾರ್ಬೊರೇಟರ್ ಬೈಕ್ ಇಟ್ಟುಕೊಂಡವರು ಪೆಟ್ರೋಲ್ ಪೈಪ್ ಮತ್ತು ವಾಶರ್‌ಗಳನ್ನು ಎಥನಾಲ್ ತಾಳುವ ಜಾತಿಗೆ ಬದಲಿಸಿಕೊಳ್ಳಬೇಕು, ಹೆಚ್ಚು ದಿನ ಓಡಿಸದಿದ್ದರೆ ಫ್ಲೋಟ್ ಬಟ್ಟಲನ್ನು ಖಾಲಿ ಮಾಡಿಡಬೇಕು.